ಶನಿವಾರದ ಪಾರ್ಸೆಲ್ ಬಿಟ್ಟ ಮೇಲೆ

ಪಾರ್ಸೆಲ್ ಊಟ, ಕುಡಿತ ಎರಡನ್ನೂ ಬಿಟ್ಟು ತೂಕ ಇಳಿಸಿದ ಗಂಡ-ಹೆಂಡತಿಯ ಲೇಖನ ಓದಿ ನಗು ಬಂತು. ನಮ್ಮ ಮನೆ ಕಥೆಯೇ ಅಲ್ವಾ ಇದು! ನಾವಿರುವುದು ಕಾರವಾರದಲ್ಲಿ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಬಿಯರ್ ಅಗ್ಗ. ಬರುವಾಗ ಮೀನಿನ ರವಾ ಫ್ರೈ ಪಾರ್ಸೆಲ್ ಬೇರೆ. ಒಂದು ಗ್ರಾಂ ಆಲ್ಕೋಹಾಲಿಗೆ 7 ಕ್ಯಾಲೊರಿ, ಸಕ್ಕರೆಗೆ 4 ಅಷ್ಟೇ. ಇದನ್ನು ಹೇಳಿದಾಗ ನಮ್ಮವರು ಸುಮ್ನೆ ಕೂತರು.

ಈಗ ಬಂಗಡೆ ಮನೆಯಲ್ಲೇ, ಕಾವಲಿ ಮೇಲೆ ಎರಡೇ ಚಮಚ ಎಣ್ಣೆಯಲ್ಲಿ. ಗ್ಲಾಸಿನಲ್ಲಿ ಬಿಯರ್ ಬದಲು ಕೋಕಂ, ತೆಂಗಿನಹಾಲಿನ ಸೋಲ್‌ಕಡಿ. ಮೊದಲೆರಡು ಶನಿವಾರ ಇವರು ಫ್ರಿಜ್ ಬಾಗಿಲು ತೆಗೆದಿದ್ದೇ ತೆಗೆದಿದ್ದು, ಮುಚ್ಚಿದ್ದೇ ಮುಚ್ಚಿದ್ದು, ಪಾಪ! ಪ್ಯಾಂಟು ಸಡಿಲಾಗಿದೆ. ಆದರೆ ತೆಂಗಿನಕಾಯಿ ಕಮ್ಮಿ ಮಾಡಿ ಅಂತ ಮಾತ್ರ ಯಾರೂ ಹೇಳಬೇಡಿ, ಅದು ನಮ್ಮ ಕೈಲಿ ಆಗದು.