ನೆಮ್ಮದಿಗೊಂದು ಜನರೇಟರು

ಚಿಕ್ಕಮಗಳೂರಿನಿಂದ ಗಿರಿ ಕಡೆ ಹೋಗುವ ದಾರಿಯ ಒಂದು ರೆಸಾರ್ಟಿನಲ್ಲಿ ಮೊನ್ನೆ ಶನಿವಾರ ‘ಅಕೌಸ್ಟಿಕ್ ಜಾನಪದ ಧ್ಯಾನ’ ಇತ್ತು. ಟಿಕೆಟ್ 3,500 ರೂಪಾಯಿ. ನೆಮ್ಮದಿಗೆ ಜಿಎಸ್‌ಟಿ ಬೇರೆ. ಅಕೌಸ್ಟಿಕ್ ಅಂದರೆ ಕರೆಂಟಿನ ಹಂಗಿಲ್ಲದ ಸಂಗೀತ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಹನ್ನೆರಡು ಮೈಕು, ಕಾಫಿ ಗಿಡಗಳ ನಡುವೆ ಗುಡುಗುವ ಜನರೇಟರು!

ಹಾಡಲು ಕೊಪ್ಪದ ಕಡೆಯ ಅಂಟಿಗೆ-ಪಂಟಿಗೆ ತಂಡ. ಗೊತ್ತಲ್ವಾ, ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ನಡೆದು ಹಾಡುವವರು. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಇವರ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಸು ಕೊಟ್ಟು ಕಳಿಸುತ್ತಾರೆ. ದಾರಿಯಲ್ಲಿ ದೀಪ ಆರಬಾರದು. ಹಬ್ಬಕ್ಕಿನ್ನೂ ತಿಂಗಳುಗಟ್ಟಲೆ ಇದೆ ಅಂದರೆ, ಆಯೋಜಕರು ‘ವೀಕೆಂಡ್ ಬಂತಲ್ಲ’ ಎಂದರಂತೆ. ಬೆಂಕಿಗೆ ಅನುಮತಿ ಇಲ್ಲವೆಂದು ಕೈಗೆ ಬ್ಯಾಟರಿ ದೀಪ ಕೊಟ್ಟರು. ಸೆಲ್ಲು ಮುಗಿಯುವವರೆಗೆ ಆರುವ ಭಯವಿಲ್ಲ.

ಬಾಗಿಲು ತೆಗೆಸುವ ಪದ ಹಾಡುತ್ತಾ ಜೀವಮಾನ ಕಳೆದವರನ್ನು, ಕೈಗೆ ಪಟ್ಟಿ ಇಲ್ಲವೆಂದು ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿದರು.

ಒಳಗೆ ಆಯೋಜಕರ ಪಾಠ: “ಇದು ಪ್ರಯೋಗ. ಪದ ಬೇಡ, ಮಾತು ಮನಸ್ಸು ಕದಡುತ್ತೆ. ಸುಮ್ನೆ ಗುನುಗಿ. ಹಿಂದೆ ಡ್ರೋನ್ ಇರುತ್ತೆ.” ಡ್ರೋನ್ ಅಂದರೆ ಎಡೆಬಿಡದೆ ಮೊಳಗುವ ಶ್ರುತಿ. ತಂಡದ ಹಿರಿಯರು ಆಕಾಶ ನೋಡಿದರು. ತಪ್ಪೇನಿಲ್ಲ, ಅಲ್ಲೂ ಒಂದು ಗುಂಯ್‌ಗುಡುತ್ತಾ ವಿಡಿಯೋ ತೆಗೆಯುತ್ತಿತ್ತು. ಎರಡರ ಶ್ರುತಿಯೂ ಕೊನೆವರೆಗೂ ಸೇರಲಿಲ್ಲ.

ಶ್ರುತಿ 432 ಹರ್ಟ್ಜ್‌ಗೇ ಇರಬೇಕಂತೆ, ಅದು ವಿಶ್ವದ ಕಂಪನವಂತೆ. ಹಾಗಾದರೆ 440ಕ್ಕೆ ಹೊಂದಿಸಿಕೊಂಡ ಜಗತ್ತಿನ ಅಷ್ಟೂ ಪಿಯಾನೋಗಳು ಇಷ್ಟು ವರ್ಷ ಅಶಾಂತಿಯಲ್ಲೇ ಇದ್ದವು, ಪಾಪ. ಹಿರಿಯರ ಲೆಕ್ಕ ಬೇರೆ: “ಮೊದಲು ಎತ್ತಿಕೊಂಡವನ ಗಂಟಲೇ ಶ್ರುತಿ ಮಾರಾಯ್ರೆ.”

ಗುನುಗಿದರು. ಚಾಪೆ ಮೇಲೆ ಮಲಗಿದ್ದವರಲ್ಲಿ ಕೆಲವರು ಗೊರಕೆ ಹೊಡೆದರು. ಅದನ್ನು ‘ಆಳವಾದ ಸ್ಥಿತಿ’ ಎನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ನನಗೂ ಸ್ವಲ್ಪ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹತ್ತು ಗಂಟೆಗೆ ಕಾನೂನಿನ ಪ್ರಕಾರ ಮೈಕು ಬಂದ್. ಎಲ್ಲರೂ ಊಟಕ್ಕೆ ಎದ್ದರು. ಹಿರಿಯರು ಬ್ಯಾಟರಿ ದೀಪ ವಾಪಸ್ ಕೊಟ್ಟು, ಚೀಲದಿಂದ ತಮ್ಮ ಹಳೇ ದೀಪ ತೆಗೆದರು. ಸೂಪರ್‌ವೈಸರನ್ನು ಮೆಲ್ಲಗೆ ಕೇಳಿದರು: “ಒಂಚೂರು ಎಣ್ಣೆ ಸಿಗುತ್ತಾ?”

ಅವನು ಆಚೀಚೆ ನೋಡಿ ಪಿಸುಗುಟ್ಟಿದ: “ಎಣ್ಣೆ ಗೆಸ್ಟ್‌ಗಳಿಗೆ ಮಾತ್ರ ಯಜಮಾನ್ರೇ. ಕಲಾವಿದರ ಪ್ಯಾಕೇಜಲ್ಲಿ ಇಲ್ಲ.”