ಜೋಡಿಯಿದ್ದರೆ ಬಟ್ಟೆ, ಒಂಟಿಯಾದರೆ ಕಸ

ಜಪಾನಿನ ಯೊಕೊಹಾಮಾ ನಗರದಲ್ಲಿ ಅರ್ಧ ಲೀಟರ್ ಚಹಾದ ಬಾಟಲಿ ಕೊಳ್ಳುವುದಕ್ಕೆ ಏನೂ ಕಷ್ಟವಿಲ್ಲ, ಹೆಜ್ಜೆಗೊಂದು ವೆಂಡಿಂಗ್ ಮಷೀನ್ ನಿಂತಿರುತ್ತದೆ. ಕಷ್ಟ ಶುರುವಾಗುವುದು ಕುಡಿದು ಮುಗಿಸಿದ ಮೇಲೆ. 1995ರ ಮಾರ್ಚ್‌ನಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟ ಘಟನೆಯ ನಂತರ ಜಪಾನಿನ ಸಾರ್ವಜನಿಕ ಜಾಗಗಳಿಂದ ಕಸದ ಡಬ್ಬಿಗಳು ಮಾಯವಾಗತೊಡಗಿದವು. ಮಷೀನಿನ ಪಕ್ಕದ ಡಬ್ಬಿ ತುಂಬಿ ತುಳುಕುತ್ತಿದ್ದರೆ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಬೇಕು.

ಮನೆಯಲ್ಲಿ ಅದರ ಸಂಸ್ಕಾರ ಹೀಗೆ: ಮುಚ್ಚಳ ತಿರುಗಿಸಿ ತೆಗೆಯಿರಿ, ಚುಕ್ಕಿಗೆರೆ ಹಿಡಿದು ಲೇಬಲ್ ಸುಲಿಯಿರಿ, ಒಳಗೆ ನೀರು ಹಾಕಿ ಕುಲುಕಿ ಚೆಲ್ಲಿ, ಹಗುರವಾಗಿ ಅಮುಕಿ. ಮುಚ್ಚಳ, ಲೇಬಲ್ ಪ್ಲಾಸ್ಟಿಕ್ ಚೀಲಕ್ಕೆ. ಬಾಟಲಿ ಮಾತ್ರ ಲೋಹದ ಡಬ್ಬ, ಗಾಜಿನ ಸೀಸೆಗಳ ಜೊತೆ ಇನ್ನೊಂದು ಚೀಲಕ್ಕೆ. ಕುತ್ತಿಗೆಯಲ್ಲಿ ಉಳಿದ ಉಂಗುರಕ್ಕೆ ಮಾತ್ರ ಕ್ಷಮಾದಾನವಿದೆ. ಸೋಯಾ ಸಾಸ್ ಬಾಟಲಿಗೂ ಇದೇ ಮರ್ಯಾದೆ. ಪಕ್ಕದಲ್ಲೇ ಕೂತ ಅಡುಗೆ ಎಣ್ಣೆಯ ಬಾಟಲಿ ನೋಡಲು ಅವಳಿಯಂತಿದ್ದರೂ ಈ ಪಂಕ್ತಿಗೆ ಸೇರುವುದಿಲ್ಲ. ಎಣ್ಣೆಯ ಜಿಡ್ಡು ತೊಳೆದರೂ ಹೋಗದೆ ಮರುಬಳಕೆಯನ್ನು ಕೆಡಿಸುತ್ತದೆ, ಹಾಗಾಗಿ ಅದು ಪ್ಲಾಸ್ಟಿಕ್ ಚೀಲದ ಪಾಲು. ಇಷ್ಟರ ತನಕ ಕಾರಣ ಅರ್ಥವಾಗುತ್ತದೆ.

ಅರ್ಥವಾಗದ್ದು ಬಕೆಟ್. ಮೊನ್ನೆಮೊನ್ನೆಯವರೆಗೆ ಪ್ಲಾಸ್ಟಿಕ್ ಬಕೆಟ್ ಪ್ಲಾಸ್ಟಿಕ್ ಆಗಿರಲಿಲ್ಲ. ಇಲ್ಲಿ ಪ್ಲಾಸ್ಟಿಕ್ಕಿಗೂ ಕುಲಗೋತ್ರವಿತ್ತು. 1995ರಲ್ಲಿ ಬಂದು 2000ದಲ್ಲಿ ಪೂರ್ತಿ ಜಾರಿಯಾದ ಮರುಬಳಕೆ ಕಾಯ್ದೆ ಲೆಕ್ಕಕ್ಕೆ ಹಿಡಿದದ್ದು ಸರಕಿನ ಹೊದಿಕೆಯನ್ನು ಮಾತ್ರ. ಮೊಸರಿನ ಕಪ್ ಎಂದರೆ ಹೊದಿಕೆ, ಆದ್ದರಿಂದ ಪ್ಲಾಸ್ಟಿಕ್. ಬಕೆಟ್, ಹಲ್ಲುಜ್ಜುವ ಬ್ರಷ್ಷು ಸ್ವತಃ ಸರಕು, ಆದ್ದರಿಂದ ಸುಡುವ ಕಸವಾಗಿದ್ದವು. ಹೊಸ ಅಂಗಿ ಸುತ್ತಿ ಬಂದ ಕವರ್ ಪ್ಲಾಸ್ಟಿಕ್. ಅದೇ ಅಂಗಿ ಲಾಂಡ್ರಿಯಿಂದ ಮರಳುವಾಗ ತೊಟ್ಟು ಬಂದ ಕವರ್ ಪ್ಲಾಸ್ಟಿಕ್ ಆಗಿರಲಿಲ್ಲ, ಏಕೆಂದರೆ ಲಾಂಡ್ರಿಯವರು ಮಾರಿದ್ದು ಸರಕಲ್ಲ, ಸೇವೆ. ಎರಡನ್ನೂ ಕೈಯಲ್ಲಿ ಹಿಡಿದು ಉಜ್ಜಿ ನೋಡಿದರೆ ವ್ಯತ್ಯಾಸ ಕಾಣದು. ಅದು ಕಾಣಲು ಕಾನೂನು ಓದಿರಬೇಕಿತ್ತು.

2022ರ ಏಪ್ರಿಲ್‌ನಲ್ಲಿ ಇನ್ನೊಂದು ಕಾಯ್ದೆ ಜಾರಿಯಾಗಿ, ಸರಕು ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಎತ್ತಬಹುದು ಎಂದಿತು. ಯೊಕೊಹಾಮಾ ಅದನ್ನು ಶುರುಮಾಡಿದ್ದು 2024ರ ಅಕ್ಟೋಬರ್‌ನಲ್ಲಿ, ಅದೂ 18 ವಾರ್ಡುಗಳಲ್ಲಿ 9ಕ್ಕೆ ಮಾತ್ರ. ಉಳಿದ 9 ವಾರ್ಡುಗಳ ಸರದಿ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಂದರೆ ಆರು ತಿಂಗಳ ಕಾಲ ಒಂದೇ ಊರಿನ ಅರ್ಧದಲ್ಲಿ ಬಕೆಟ್ ಪ್ಲಾಸ್ಟಿಕ್ ಆಗಿತ್ತು, ಇನ್ನರ್ಧದಲ್ಲಿ ಆಗಿರಲಿಲ್ಲ. ಟೋಕಿಯೊ ಇದಕ್ಕೂ ಒಂದು ಕೈ ಮೇಲು. ಅಲ್ಲಿ 2000ದ ಏಪ್ರಿಲ್‌ನಿಂದ ಕಸ ಎತ್ತುವುದು 23 ವಾರ್ಡುಗಳ ಹೊಣೆ, ಹಾಗಾಗಿ ವಾರ್ಡಿಗೊಂದು ಸಿದ್ಧಾಂತ. ಸುಗಿನಾಮಿಯಲ್ಲಿ ತೊಳೆದು ಒಣಗಿಸಿ ಬೇರೆಯಾಗಿ ಇಡುವ ಟೋಫು ಡಬ್ಬಿಯನ್ನು ಗಡಿ ದಾಟಿ ಸೆತಗಾಯಕ್ಕೆ ಒಯ್ದರೆ ಸುಡುವ ಕಸಕ್ಕೆ ಹಾಕಬೇಕು. ಇಡೀ ಜಪಾನಿನ ಲೆಕ್ಕ ತೆಗೆದರೂ ಪ್ಲಾಸ್ಟಿಕ್ ಕಸದ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುವುದು ಒಲೆಗೇ. ಆ ಶಾಖದಿಂದ ವಿದ್ಯುತ್ ತೆಗೆದು ‘ಥರ್ಮಲ್ ರೀಸೈಕಲ್’ ಎಂಬ ಹೆಸರಿಟ್ಟ ಮೇಲೆ ಸುಟ್ಟದ್ದೂ ಮರುಬಳಕೆಯ ಪುಣ್ಯಕ್ಕೇ ಜಮೆ.

ಯೊಕೊಹಾಮಾ ಕಸವನ್ನು 10 ಬಗೆಯಾಗಿ ವಿಂಗಡಿಸಿ ಎಂದಾಗ ಮನೆಮನೆಗೆ 27 ಪುಟದ ಪುಸ್ತಿಕೆ ಹಂಚಿತು. ಅದರಲ್ಲಿ 518 ವಸ್ತುಗಳ ಜಾತಕವಿತ್ತು. ಕಾಲುಚೀಲದ್ದು ನೋಡಿ: ಜೋಡಿಯಾಗಿದ್ದು, ಹರಿಯದೆ, ಎಡಬಲ ಹೊಂದಿಕೆಯಾದರೆ ಅದು ಹಳೆಬಟ್ಟೆ. ಒಂದು ಕಳೆದುಹೋಗಿದ್ದರೆ ಉಳಿದದ್ದು ಸುಡುವ ಕಸ. ನೆಕ್‌ಟೈ ಹಳೆಬಟ್ಟೆಯೇ, ಆದರೆ ಒಗೆದು ಒಣಗಿಸಿ ಕೊಡಬೇಕು. ಹಳೆಬಟ್ಟೆಯ ದಿನ ಮಳೆ ಬಂತೋ, ಹೊರಗಿಡುವ ಹಾಗಿಲ್ಲ, ನೆನೆದ ಬಟ್ಟೆ ಯಾವ ಕೆಲಸಕ್ಕೂ ಬಾರದು. ನಗೋಣವೆಂದರೆ ಈ ಯೋಜನೆ ಫಲಿಸಿಬಿಟ್ಟಿತು! 2003ರಲ್ಲಿ ಹೊರಟು 2010ರೊಳಗೆ 30% ಕಸ ಇಳಿಸುವ ಗುರಿಯಿತ್ತು. 2005ಕ್ಕೇ ಇಳಿಯಿತು, ಕಸ ಸುಡುವ ಎರಡು ಸ್ಥಾವರಗಳಿಗೆ ಬೀಗ ಬಿತ್ತು.

ತಪ್ಪಿದರೆ? ಬೆಳಿಗ್ಗೆ 8ರೊಳಗೆ ಇಟ್ಟ ಚೀಲಕ್ಕೆ ಒಂದು ಸ್ಟಿಕ್ಕರ್ ಅಂಟಿಸಿ, ಲಾರಿ ಮುಂದೆ ಹೋಗುತ್ತದೆ. ಚೀಲ ಪಾರದರ್ಶಕವೋ ಅರೆಪಾರದರ್ಶಕವೋ ಆಗಿರಬೇಕೆಂಬುದು ನಿಯಮ, ಹಾಗಾಗಿ ಯಾರ ಮನೆಯಲ್ಲಿ ಏನು ಬೆಂದಿತ್ತೆಂಬುದು ಓಣಿಗೆಲ್ಲ ಗೊತ್ತು. ಹಟ ಹಿಡಿದವರ ಚೀಲವನ್ನು ಅಧಿಕಾರಿಗಳೇ ಬಿಚ್ಚಿ ವಿಳಾಸ ಹುಡುಕುತ್ತಾರೆ. ಮೊದಲು ತಿಳಿವಳಿಕೆ, ಆಮೇಲೆ ಶಿಫಾರಸು, ಆಮೇಲೆ ಆದೇಶ. ಇಷ್ಟೆಲ್ಲ ಕಾಗದ ಓಡಾಡಿದ ಮೇಲೂ ಬಗ್ಗದಿದ್ದರೆ ದಂಡ, 2,000 ಯೆನ್. ಕಾಗೆಗಳಿಗೆ ಈ ಯಾವ ಹಂತವೂ ಇಲ್ಲ. ಅವಕ್ಕೆ ಕಣ್ಣು ಚುರುಕು. ಚೀಲಗಳ ಮೇಲೆ ಹೊದಿಸಿದ ಬಲೆಯ ಅಂಚು ಒಂದು ಗೇಣು ಸರಿದಿದ್ದರೆ ಸಾಕು, ಪಾರದರ್ಶಕ ಚೀಲದಲ್ಲಿ ಮೀನಿನ ತಲೆ ಎಲ್ಲಿದೆಯೆಂದು ಕಂಡು ಅಲ್ಲಿಗೇ ಕುಕ್ಕುತ್ತವೆ. ಬಲ್ಲವರು ಊಟದ ಕಸವನ್ನು ಪತ್ರಿಕೆಯಲ್ಲಿ ಸುತ್ತಿ ಚೀಲದ ನಡುವೆ ಅಡಗಿಸುತ್ತಾರೆ.

ಇಷ್ಟೂ ಗೊಂದಲ ಬಿಡಿಸಲು ನಗರಾಡಳಿತ ಒಂದು ಚಾಟ್‌ಬಾಟ್ ಇಟ್ಟಿದೆ. ವಸ್ತುವಿನ ಹೆಸರು ಬರೆದರೆ ಯಾವ ಚೀಲಕ್ಕೆಂದು ಹೇಳುತ್ತದೆ. 2017ರಲ್ಲಿ ‘ಗಂಡನನ್ನು ಬಿಸಾಡಬೇಕು’ ಎಂದು ಬರೆದವರಿಗೆ ಅದು ಕೊಟ್ಟ ಉತ್ತರ ಜಪಾನಿನಾದ್ಯಂತ ಹರಿದಾಡಿತು: ಮನುಷ್ಯ ವಿವೇಚನೆ ಸಾಲದೆ ಮದುವೆಯಾಗುತ್ತಾನೆ, ತಾಳ್ಮೆ ಸಾಲದೆ ವಿಚ್ಛೇದನ ಪಡೆಯುತ್ತಾನೆ, ನೆನಪು ಸಾಲದೆ ಮತ್ತೆ ಮದುವೆಯಾಗುತ್ತಾನೆ. ಮಾತು ಚೆಂದವೇ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ನಿಯಮ ಸ್ಪಷ್ಟವಾಗಿದೆ: ಲೋಹವಲ್ಲದ ವಸ್ತು 50 ಸೆಂ.ಮೀ. ಮುಟ್ಟಿದರೆ ‘ದೊಡ್ಡ ಕಸ’. ಮೊದಲೇ ಅರ್ಜಿ ಹಾಕಿ ದಿನ ಗೊತ್ತುಮಾಡಿಕೊಳ್ಳಬೇಕು, ಶುಲ್ಕ ಕಟ್ಟಿ ಸ್ಟಿಕ್ಕರ್ ತರಬೇಕು, ಎದ್ದು ಕಾಣುವ ಜಾಗದಲ್ಲಿ ಅಂಟಿಸಿ ಬೆಳಿಗ್ಗೆ 8ರೊಳಗೆ ಹೊರಗಿಡಬೇಕು.