ತಂಗಿ, ಇದು ಎಂತಾ ಮಾಡ್ತು?

ಕಳೆದ ತಿಂಗಳು ನಾವು ಮೂವರು ಸೇರಿ ಮಾಡಿದ ಒಂದು ಆ್ಯಪ್ ಅನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ನಾನಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಮನೆಯಿಂದಲೇ ಕೆಲಸ. ಉಳಿದ ಇಬ್ಬರಲ್ಲಿ ಒಬ್ಬಳು ಕುಮಟಾದವಳು, ಇನ್ನೊಬ್ಬ ಹೊನ್ನಾವರದವನು. ಒಂದೂವರೆ ವರ್ಷ ಶನಿವಾರ, ಭಾನುವಾರ ಕೂತು ಮಾಡಿದ್ದು. ಎಲ್ಲರಿಗೂ ತಿಳಿಸುವ ನಾಲ್ಕು ಸಾಲು ಬರೆಯುವ ಕೆಲಸ ನನಗೆ ಬಂತು. ಹೀಗೆ ಬರೆದೆ:

"ಆವೃತ್ತಿ 1.0 ಬಿಡುಗಡೆಯಾಗಿದೆ! ಸಂಪೂರ್ಣ ಓಪನ್ ಸೋರ್ಸ್. ಫ್ಲಟರ್‌ನಲ್ಲಿ ಬರೆದದ್ದು, ಆಫ್‌ಲೈನ್ ಸಪೋರ್ಟ್ ಇದೆ. ಡೇಟಾ ಎಸ್‌ಕ್ಯೂಲೈಟ್‌ನಲ್ಲಿ, ಸಿಎಸ್‌ವಿ ಎಕ್ಸ್‌ಪೋರ್ಟ್ ಕೂಡ ಆಗುತ್ತದೆ. ಜಿಪಿಎಲ್ ಲೈಸೆನ್ಸ್. ಕೋಡ್ ಗಿಟ್‌ಹಬ್‌ನಲ್ಲಿದೆ. ಎಲ್ಲರೂ ಬಳಸಿ, ಕಾಂಟ್ರಿಬ್ಯೂಟ್ ಮಾಡಿ."

ಹೆಬ್ಬೆಟ್ಟುಗಳು ಬಂದವು. ಹೂವಿನ ಗುಚ್ಛ, ಚಪ್ಪಾಳೆ, "ಊರಿಗೆ ಹೆಮ್ಮೆ" ಎಲ್ಲ ಬಂತು. ನಾಲ್ಕು ದಿನವಾದರೂ ಒಬ್ಬರೂ ಇಳಿಸಿಕೊಳ್ಳಲಿಲ್ಲ. ಐದನೇ ದಿನ ಸಂಜೆ ದೊಡ್ಡಪ್ಪ ನಮ್ಮ ಜಗಲಿಯಲ್ಲಿ ಕವಳ ಹಾಕುತ್ತಾ ಕೇಳಿದರು: "ಅಲ್ದನೇ ತಂಗಿ, ನೀ ಗ್ರೂಪಲ್ಲಿ ಹಾಕಿದ್ದು ಎಂತಾ ಮಾಡ್ತು?"

ದೊಡ್ಡಪ್ಪ 40 ವರ್ಷಗಳಿಂದ ತೋಟದ ಲೆಕ್ಕವನ್ನು ಉದ್ದ ಪುಸ್ತಕದಲ್ಲಿ ಬರೆದಿಡುವವರು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಕೊಟ್ಟ ಕೂಲಿ, ಅಡಿಕೆ ಸುಲಿದವರ ಕೂಲಿ, ಕೊಳೆ ರೋಗಕ್ಕೆ ಔಷಧಿ ಹೊಡೆಸಿದ ಖರ್ಚು, ಅಡಿಕೆಯ ಬಗೆಗಳಲ್ಲಿ ಚಾಲಿ ಎಷ್ಟಕ್ಕೆ ಹೋಯಿತು, ರಾಶಿ ಎಷ್ಟಕ್ಕೆ ಹೋಯಿತು, ಎಲ್ಲವೂ ಅದರಲ್ಲಿದೆ. ನಾವು ಆ್ಯಪ್ ಮಾಡಲು ಹೊರಟಿದ್ದೇ ಆ ಪುಸ್ತಕವನ್ನು ನೋಡಿ. ಅದನ್ನು ಎಲ್ಲರಿಗಿಂತ ಮೊದಲು ಬಳಸಬೇಕಾದವರೇ ಅದು ಏನು ಅಂತ ಕೇಳುತ್ತಿದ್ದಾರೆ! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ನಾನು ಬರೆದದ್ದನ್ನೇ ಮತ್ತೆ ಓದಿದೆ. ಅದರಲ್ಲಿ ಸುಳ್ಳಿಲ್ಲ. ಆದರೆ "ಅಡಿಕೆ" ಅನ್ನುವ ಪದ ಇಲ್ಲ. "ತೋಟ" ಇಲ್ಲ. "ಲೆಕ್ಕ" ಕೂಡ ಇಲ್ಲ. ಇದನ್ನು ಹೇಗೆ ಕಟ್ಟಿದೆವು ಅಂತ ಪೂರ್ತಿ ಹೇಳಿದ್ದೆ. ಯಾತಕ್ಕೆ ಅಂತ ಒಂದು ಅಕ್ಷರ ಹೇಳಿರಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ನನಗೆ ಈಗ ಸ್ವಲ್ಪ ಗೊತ್ತಾಗಿದೆ. ಮಾಡಿದವರಿಗೆ ಕಷ್ಟಪಟ್ಟ ಜಾಗವೇ ಮೊದಲು ನೆನಪಾಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ನಡೆಯಬೇಕು ಅನ್ನುವುದಕ್ಕೆ ನಮಗೆ ಮೂರು ತಿಂಗಳು ಹಿಡಿದಿತ್ತು. ಹಾಗಾಗಿ "ಆಫ್‌ಲೈನ್" ಅನ್ನುವ ಪದ ನನಗೆ ಬಹಳ ದೊಡ್ಡದು. ಇನ್ನು ಇದು ತೋಟದ ಲೆಕ್ಕಕ್ಕೆ ಅನ್ನುವುದು ಒಂದೂವರೆ ವರ್ಷ ತಲೆಯೊಳಗೇ ಇದ್ದ ಮಾತು. ಅದನ್ನು ಬೇರೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ನಮ್ಮ ಕಡೆಯ ಬಯಲಾಟ, ಅಂದರೆ ಯಕ್ಷಗಾನ, ನೋಡಿದವರಿಗೆ ಒಡ್ಡೋಲಗ ಗೊತ್ತು, ವೇಷ ಮೊದಲ ಸಲ ರಂಗಕ್ಕೆ ಬರುವ ಸಂಭ್ರಮ. ಕೌರವನ ವೇಷ ರಂಗಕ್ಕೆ ಬರುತ್ತದೆ. ಕಿರೀಟ, ಮುಖವರ್ಣಿಕೆ, ಹೆಜ್ಜೆ ನೋಡಿದರೇ ಯಾರು ಅಂತ ಅರ್ಧ ಸಭೆಗೆ ಗೊತ್ತಾಗಿರುತ್ತದೆ. ಆದರೂ ಬಂದವರು ಯಾರು ಅಂತ ಹಾಡಿ ಆಟ ನಡೆಸುವ ಭಾಗವತರು ಕೇಳುತ್ತಾರೆ. ವೇಷಧಾರಿ ತನ್ನ ಹೆಸರು, ಊರು, ಈಗ ಇಲ್ಲಿಗೆ ಯಾಕೆ ಬಂದೆ ಅನ್ನುವುದನ್ನು ಹೇಳಿಕೊಳ್ಳುತ್ತಾನೆ. ಅದೇ ಪ್ರಸಂಗವನ್ನು ನೂರು ಸಲ ನೋಡಿದ ಅಜ್ಜ ಮುಂದೆ ಕೂತಿದ್ದರೂ ಪೀಠಿಕೆ ಇರುತ್ತದೆ. ಯಾಕೆಂದರೆ ಪಕ್ಕದಲ್ಲಿ ಮೊದಲ ಸಲ ಆಟಕ್ಕೆ ಬಂದ ಮೊಮ್ಮಗನೂ ಕೂತಿರುತ್ತಾನೆ. ಅಜ್ಜನಿಗೆ ಅದರಿಂದ ಬೇಜಾರೂ ಇಲ್ಲ, ಪೀಠಿಕೆ ಚೆನ್ನಾಗಿದ್ದರೆ ಖುಷಿಯೇ. ಸಾಫ್ಟ್‌ವೇರಿನವರು ನಾವು ಮಾತ್ರ ಪೀಠಿಕೆ ಬಿಟ್ಟು ಸೀದಾ ಯುದ್ಧಕ್ಕೆ ಇಳಿಯುತ್ತೇವೆ.

ದೊಡ್ಡ ಕೆಲಸ ಮಾಡಿದವರು ಹೇಗೆ ತಿಳಿಸಿದ್ದರು ಅಂತ ಹುಡುಕಿ ಓದಿದೆ. 1991ರ ಆಗಸ್ಟ್ ಒಂದೇ ತಿಂಗಳಲ್ಲಿ ಎರಡು ಸಿಕ್ಕವು.

ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ತಾವು ಕಟ್ಟಿದ ವರ್ಲ್ಡ್ ವೈಡ್ ವೆಬ್ ಬಗ್ಗೆ ಬರೆದರು. ಎಲ್ಲೇ ಇರುವ ಯಾವುದೇ ಮಾಹಿತಿಗೂ ಕೊಂಡಿ ಹಾಕಲು ಆಗಬೇಕು, ಅದೇ ಈ ಯೋಜನೆಯ ಗುರಿ ಅಂತ ಒಂದೇ ವಾಕ್ಯದಲ್ಲಿ ಹೇಳಿದ್ದರು. ಭೌತವಿಜ್ಞಾನಿಗಳು ತಮ್ಮ ಮಾಹಿತಿ, ಕಾಗದಪತ್ರ ಹಂಚಿಕೊಳ್ಳಲಿ ಅಂತ ಶುರುವಾದದ್ದು, ಈಗ ಬೇರೆ ಕಡೆಗೂ ಹರಡಬೇಕು, ಜೊತೆಗೆ ಕೆಲಸ ಮಾಡುವವರು ಬನ್ನಿ ಅಂತ ಕರೆದಿದ್ದರು. ಇವತ್ತು ನಾವು ಈ ಬರಹ ಓದುತ್ತಿರುವುದಕ್ಕೂ ಕಾರಣವಾದ ಕೆಲಸ ಅದು. ಅಷ್ಟು ಸರಳ ಮಾತಿನಲ್ಲಿ ಹೇಳಿದ್ದರು.

ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದದ್ದು ಇನ್ನೂ ಚಿಕ್ಕದು. ಆಗ ಅವರಿಗೆ 21 ವರ್ಷ. ಒಂದು ಪುಕ್ಕಟೆ ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಮಾಡುತ್ತಿದ್ದೇನೆ, ಹವ್ಯಾಸಕ್ಕೆ, 386 ಮತ್ತು 486 ಅನ್ನುವ ಬಗೆಯ ಕಂಪ್ಯೂಟರುಗಳಿಗೆ. ಇಂತಿಂಥದ್ದು ಈಗಾಗಲೇ ಓಡುತ್ತಿದೆ. ನಿಮಗೆ ಇನ್ನೇನು ಬೇಕು ಹೇಳಿ. ಕೊನೆಯಲ್ಲಿ ಇನ್ನೊಂದು ಮಾತಿತ್ತು: ಬೇರೆ ಬಗೆಯ ಯಂತ್ರಗಳಲ್ಲಿ ಇದು ನಡೆಯುವುದಿಲ್ಲ, ತನ್ನ ಹತ್ತಿರ ಇರುವ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದಕ್ಕೆ ಬಹುಶಃ ಎಂದೂ ಆಗಲಿಕ್ಕಿಲ್ಲ ಅಂತ. ಲಿನಕ್ಸ್ ಹೀಗೆ ಊರಿಗೆ ಕಾಲಿಟ್ಟಿತು. ಮುಂದೆ ಅದು ಆಂಡ್ರಾಯ್ಡ್ ಫೋನುಗಳ ಒಳಗೂ ಬಂತು, ಆ ಮಾತು ಬೇರೆ. ಆ ದಿನ ಅವರು ತನ್ನ ಹತ್ತಿರ ಏನಿದೆ, ಏನಿಲ್ಲ ಅಂತ ಹೇಳಿದರು, ಅಷ್ಟೇ.

ಆದರೆ ಲೀನಸ್ ಬರಹವನ್ನು ಹಾಗೇ ನಕಲು ಮಾಡಿದರೂ ನಮಗೆ ಆಗುವುದಿಲ್ಲ. ಅವರು ಬರೆದದ್ದು ಮಿನಿಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬಳಸುತ್ತಿದ್ದವರಿಗೆ. ಮಿನಿಕ್ಸ್‌ನಲ್ಲಿ ನಿಮಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಅಂತ ಕೇಳಿದರೆ ಅವರಿಗೆಲ್ಲ ತಟ್ಟನೆ ಅರ್ಥವಾಗುತ್ತಿತ್ತು. ಅದೇ ಮಾತನ್ನು ನಮ್ಮ ದೊಡ್ಡಪ್ಪನಿಗೆ ಹೇಳಿದರೆ ಏನೂ ಆಗುವುದಿಲ್ಲ. ಯಾರಿಗೆ ಹೇಳುತ್ತೇವೋ ಅವರು ದಿನಾ ಮುಟ್ಟುವ ವಸ್ತುವನ್ನೇ ಹಿಡಿದು ಹೇಳಬೇಕು. ದೊಡ್ಡಪ್ಪನಿಗೆ ಆ ವಸ್ತು ಉದ್ದ ಪುಸ್ತಕ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಶಿರಸಿಯಲ್ಲಿ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಆಟದ ಹ್ಯಾಂಡ್‌ಬಿಲ್, ಸಂಘದ ವರದಿ ಎಲ್ಲ ಮಾಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನ ಫೈಲುಗಳ ರಾಶಿಯೇ ಇದೆ. ಅದರಿಂದ ಒಂದು ಪ್ಯಾರಾ ತೆಗೆದು ವಾಟ್ಸಾಪಿಗೆ ಹಾಕಿದರೆ ಕನ್ನಡ ಬರುವುದಿಲ್ಲ, ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಇದನ್ನು ಸರಿ ಮಾಡುವ ಪುಕ್ಕಟೆ ಪ್ರೋಗ್ರಾಮುಗಳು ಇವೆ. "ಆಸ್ಕಿ ಟು ಯೂನಿಕೋಡ್ ಕನ್ವರ್ಟರ್" ಅಂತ ಅವುಗಳನ್ನು ಕರೆಯುತ್ತಾರೆ. ಆ ಅಂಗಡಿಯವರು ಆ ಹೆಸರನ್ನು ಎಷ್ಟೋ ಸಲ ನೋಡಿದ್ದರಂತೆ, ತಮಗೆ ಸಂಬಂಧವಿಲ್ಲ ಅಂದುಕೊಂಡಿದ್ದರಂತೆ. ಹಳೆಯ ಫೈಲುಗಳನ್ನು ಮತ್ತೆ ಮತ್ತೆ ಕೂತು ಟೈಪ್ ಮಾಡುತ್ತಿದ್ದರು. "ನುಡಿಯಲ್ಲಿ ಬರೆದದ್ದನ್ನು ವಾಟ್ಸಾಪಿನಲ್ಲಿ ಓದುವ ಹಾಗೆ ಮಾಡುತ್ತದೆ" ಅಂತ ನಾನು ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷದ ದುಡಿಮೆ ಒಂದು ವಾಕ್ಯದಿಂದ ಉಳಿಯುತ್ತಿತ್ತು, ಅಲ್ವಾ? ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಓಪನ್ ಸೋರ್ಸ್ ಅನ್ನುವ ಪದದ ಕತೆಯೂ ಹೀಗೆಯೇ. ಅದಕ್ಕಿಂತ ಮೊದಲು ಇದ್ದದ್ದು "ಫ್ರೀ ಸಾಫ್ಟ್‌ವೇರ್" ಅನ್ನುವ ಮಾತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅಂಥ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದರು. ಇಂಗ್ಲಿಷಿನ "ಫ್ರೀ" ಅನ್ನುವ ಪದಕ್ಕೆ ಬಿಟ್ಟಿ ಅಂತಲೂ ಅರ್ಥ, ಸ್ವತಂತ್ರ ಅಂತಲೂ ಅರ್ಥ. ಎರಡರಲ್ಲಿ ಯಾವುದು ಅಂತ ಅವರ ಕಡೆಯವರು ಇವತ್ತಿಗೂ ಬಿಡಿಸಿ ಹೇಳುತ್ತಲೇ ಇದ್ದಾರೆ. ನಮಗೆ ಆ ಕಷ್ಟ ಇಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ, ಎರಡೂ ಪದ ನಮ್ಮಲ್ಲೇ ಇವೆ. ಆದರೂ "ಮುಕ್ತ ತಂತ್ರಾಂಶ" ಅಂತ ಬರೆದು ನಿಲ್ಲಿಸಿದರೆ ಹೊಸಬರಿಗೆ ಅದು ಹೆಸರಾಗಿ ಕಾಣುತ್ತದೆ, ಅರ್ಥವಾಗುವುದಿಲ್ಲ. "ದುಡ್ಡು ಕೊಡಬೇಕಿಲ್ಲ. ಒಳಗೆ ಏನಿದೆ ಅಂತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಕೊಡಬಹುದು." ಇಷ್ಟು ಬರೆಯಲು ಎಷ್ಟು ಹೊತ್ತು ಬೇಕು?

"ಕಾಂಟ್ರಿಬ್ಯೂಟ್ ಮಾಡಿ" ಅಂತ ನಾನು ಬರೆದಿದ್ದೆನಲ್ಲ, ಅದೂ ಪೊಳ್ಳು ಮಾತೇ. ಕಾರವಾರದಲ್ಲಿ ಓದುತ್ತಿರುವ ನಮ್ಮ ನೆಂಟರ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ನಂಗೆ ಕೋಡಿಂಗ್ ಅಷ್ಟು ಬರೋದಿಲ್ಲ, ಆದ್ರೆ ಕೊಂಕಣಿ, ಕನ್ನಡ ಎರಡೂ ಚೆನ್ನಾಗಿ ಬರ್ತದೆ. ಅದು ಉಪಯೋಗ ಆಗ್ತದಾ?" ಆಗದೇ ಏನು! ನಮಗೆ ಅಂಥವಳೇ ಬೇಕಾಗಿತ್ತು. ಬಟನ್ ಮೇಲಿನ ಪದ ತಿದ್ದುವುದು, ಬೇರೆ ಭಾಷೆಗೆ ತರುವುದು, ಬಳಸಿ ನೋಡಿ ಎಲ್ಲಿ ನಿಂತುಹೋಯಿತು ಅಂತ ಹೇಳುವುದು, ಇದೆಲ್ಲ ಕೆಲಸವೇ ಅಂತ ನಾವು ಎಲ್ಲೂ ಹೇಳಿರಲಿಲ್ಲ. ಕೇಳುವ ಧೈರ್ಯ ಅವಳಿಗಿತ್ತು. ಕೇಳದೇ ಹೋದವರು ಎಷ್ಟು ಜನರೋ.

"ಸುಮ್ನೆ" ಅನ್ನುವ ಪದದ ಮೇಲೂ ನನಗೆ ಸಿಟ್ಟಿದೆ. "ಸುಮ್ನೆ ಟರ್ಮಿನಲ್ ತೆಗೆದು ಈ ಎರಡು ಸಾಲು ಹಾಕಿ, ಸಾಕು." ಟರ್ಮಿನಲ್ ಎಂದರೆ ಕಂಪ್ಯೂಟರಿಗೆ ಅಪ್ಪಣೆಗಳನ್ನು ಟೈಪ್ ಮಾಡುವ ಕಿಟಕಿ. ಅದು ಗೊತ್ತಿಲ್ಲದವರಿಗೆ ಆ "ಸುಮ್ನೆ" ಚುಚ್ಚುತ್ತದೆ. ಎಲ್ಲರಿಗೂ ಸುಲಭವಾದದ್ದು ನನಗೆ ಮಾತ್ರ ಬರುವುದಿಲ್ಲ ಅಂತ ಅವರು ಸುಮ್ಮನಾಗುತ್ತಾರೆ.

ಇದನ್ನೆಲ್ಲ ಹೇಳಿದಾಗ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅಂದರು, ನಮ್ಮ ಪ್ರಾಜೆಕ್ಟ್ ಡೆವಲಪರ್‌ಗಳಿಗೇ ಇರುವುದು, ಅವರಿಗೆ ಇಷ್ಟು ಬಿಡಿಸಿ ಹೇಳಬೇಕಾಗಿಲ್ಲ ಅಂತ. ನಾನು ಒಪ್ಪುವುದಿಲ್ಲ. 12 ವರ್ಷದಿಂದ ಕೋಡ್ ಬರೆಯುತ್ತಿರುವ ನಾನೂ ಬೇರೆಯವರ ಪ್ರಾಜೆಕ್ಟಿಗೆ ಹೊಸಬಳೇ. ಇದು ಯಾವ ತೊಂದರೆ ನೀಗಿಸುತ್ತದೆ ಅಂತ ಗೊತ್ತಾಗದೆ ಎಷ್ಟೋ ಪ್ರಕಟಣೆಗಳನ್ನು ಮುಚ್ಚಿದ್ದೇನೆ. ಅಡಿಕೆ ವ್ಯಾಪಾರದಲ್ಲಿ ಬರೀ "ಅಡಿಕೆ ಇದೆ" ಅಂದರೆ ಯಾರೂ ದರ ಹೇಳುವುದಿಲ್ಲ. ಚಾಲಿಯೋ, ರಾಶಿಯೋ, ಬೆಟ್ಟೆಯೋ ಅಂತ ಮೊದಲು ಕೇಳುತ್ತಾರೆ. ಹತ್ತಾರು ವರ್ಷ ಅದೇ ವ್ಯಾಪಾರ ಮಾಡಿದವರೇ ಹಾಗೆ ಕೇಳುವುದು.

ಹೊಸದಾಗಿ ಬರೆದೆ. ಬರೆದ ಮೇಲೆ ಗ್ರೂಪಿಗೆ ಹಾಕುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿದೆ. "ಅರ್ಥ ಆಯ್ತಾ?" ಅಂತ ಕೇಳಬಾರದು ಅಂತ ಇಲ್ಲಿ ಕಲಿತೆ. ನಮ್ಮ ಕಡೆ ಹಾಗೆ ಕೇಳಿದರೆ ಎಲ್ಲರೂ "ಹೌದು ಹೌದು" ಅನ್ನುತ್ತಾರೆ, ಎದುರಿಗಿರುವವರ ಮನಸ್ಸು ನೋಯಬಾರದಲ್ಲ. ಅದರ ಬದಲು, "ನೀವು ಇದನ್ನು ಪಕ್ಕದ ಮನೆಯವರಿಗೆ ಹೇಗೆ ಹೇಳುತ್ತೀರಿ?" ಅಂತ ಕೇಳಿದೆ. ಮೊದಲ ಸಲ ಚಿಕ್ಕಮ್ಮ ಹೇಳಿದ್ದು ಅಡಿಕೆ ದರ ತೋರಿಸುವ ಆ್ಯಪ್ ಅಂತ. ತಪ್ಪು ನನ್ನದೇ, ದರದ ಮಾತು ಮೊದಲ ಸಾಲಿನಲ್ಲಿತ್ತು. ತಿದ್ದಿದೆ. ಮೂರನೇ ಸಲಕ್ಕೆ ಸರಿಯಾಯಿತು. ಕೊನೆಗೆ ಹಾಕಿದ್ದು ಇದು:

"ಅಡಿಕೆ ತೋಟದ ಲೆಕ್ಕ ಬರೆಯುವ ಪುಸ್ತಕ ಈಗ ಫೋನಿನಲ್ಲಿ. ಕೊನೆ ಕೊಯ್ಲು, ಸುಲಿಯುವುದು, ಔಷಧಿ ಹೊಡೆಸುವುದು, ಯಾವುದಕ್ಕೆ ಎಷ್ಟು ಖರ್ಚಾಯಿತು, ಮಾರಿದಾಗ ಎಷ್ಟು ಬಂತು ಅಂತ ಆಯಾ ದಿನ ಬರೆದರೆ, ವರ್ಷದ ಕೊನೆಗೆ ಎಷ್ಟು ಉಳಿಯಿತು ಅಂತ ಅದೇ ಕೂಡಿಸಿ ಹೇಳುತ್ತದೆ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ. ನಿಮ್ಮ ಲೆಕ್ಕ ನಿಮ್ಮ ಫೋನಿನಲ್ಲೇ ಇರುತ್ತದೆ, ನಮಗೆ ಬರುವುದಿಲ್ಲ. ಹಾಗಾಗಿ ಫೋನ್ ಕಳೆದರೆ ಲೆಕ್ಕವೂ ಹೋಗುತ್ತದೆ, ತಿಂಗಳಿಗೊಮ್ಮೆ ಬೇರೆ ಕಡೆ ತೆಗೆದಿಡಿ, ಹೇಗೆ ಅಂತ ಕೇಳಿದರೆ ಹೇಳಿಕೊಡುತ್ತೇವೆ. ಐಫೋನಿಗೆ ಇನ್ನೂ ಆಗಿಲ್ಲ. ದಿನದ ದರ ಇದರಲ್ಲಿ ಕಾಣುವುದಿಲ್ಲ. ಬಳಸಿ ನೋಡಿ, ಎಲ್ಲಿ ತೊಡಕಾಯಿತು ಅಂತ ತಿಳಿಸಿ."

ಕೆಳಗೆ ಇಳಿಸಿಕೊಳ್ಳುವ ಕೊಂಡಿ. ಅದರ ಕೆಳಗೆ, ಬೇಕಾದವರಿಗಾಗಿ, ಫ್ಲಟರ್, ಜಿಪಿಎಲ್, ಗಿಟ್‌ಹಬ್ ಎಲ್ಲ.

ಫೋನ್ ಕಳೆದರೆ ಲೆಕ್ಕ ಹೋಗುತ್ತದೆ ಅನ್ನುವ ಸಾಲು ಬೇಡ, ಜನ ಹೆದರುತ್ತಾರೆ ಅಂತ ಹೊನ್ನಾವರದ ಗೆಳೆಯ ಹೇಳಿದ್ದ. ನಾನು ಬಿಡಲಿಲ್ಲ. ಆಮೇಲೆ ಬಂದ ಮೊದಲ ಫೋನ್ ಕರೆಗಳು ಆ ಸಾಲಿನ ಬಗ್ಗೆಯೇ. "ಬೇರೆ ಕಡೆ ತೆಗೆದಿಡೋದು ಹೇಗೆ?" ಅಂತ ಕೇಳಿದವರೆಲ್ಲ ಇಳಿಸಿಕೊಂಡು, ಒಂದೆರಡು ಲೆಕ್ಕ ಬರೆದು, ಇದು ಕಳೆದುಹೋಗಬಾರದು ಅನ್ನಿಸಿದ ಮೇಲೆಯೇ ಕೇಳಿದ್ದರು.

ದೊಡ್ಡಪ್ಪ ಮೊನ್ನೆ ಮತ್ತೆ ಬಂದಿದ್ದರು. ಜೇಬಿನಿಂದ ಫೋನ್ ತೆಗೆದು ಅಡಿಕೆಯ ಬಗೆಗಳಿರುವ ಮಾರಾಟದ ಪುಟ ತೋರಿಸಿದರು. "ತಂಗಿ, ಇದ್ರಲ್ಲಿ ಗೋಟು ಹೇಳಿ ಒಂದೇ ಇದ್ದು. ಕೆಂಪುಗೋಟು ಬೇರೆ, ಬಿಳೇಗೋಟು ಬೇರೆ ಅಲ್ದಾ? ದರ ಬೇರೆ ಬೇರೆ ಇರ್ತು."

ನಾವು ಮೂವರೂ ಅಡಿಕೆಯ ಮಧ್ಯೆಯೇ ಬೆಳೆದವರು. ಒಂದೂವರೆ ವರ್ಷದಲ್ಲಿ ಅದು ನಮಗೆ ಹೊಳೆದಿರಲಿಲ್ಲ. ಈ ಭಾನುವಾರ ಅದನ್ನೇ ಸರಿ ಮಾಡುತ್ತಿದ್ದೇವೆ.